ಒಂದು ದಿನದ ಬ್ರೇಕ್

ಜನವರಿ 12

ಮಗಳಿಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮೊದಲು ಒಂದು ಮಾತು. ಪತ್ರದ ಕೊನೆಗೆ 'ನಿನ್ನ ಗುಂಡಿ' ಎಂದು ಸಹಿ ಹಾಕುವುದನ್ನು ಬಿಡು. ಮೂರು ವರ್ಷದವಳಿದ್ದಾಗ ನನ್ನ ಹೊಲಿಗೆ ಡಬ್ಬಿಯಿಂದ ಅಂಗಿಯ ಗುಂಡಿ ನುಂಗಿದ್ದಕ್ಕೆ ನಿಮ್ಮಪ್ಪ ಇಟ್ಟ ಹೆಸರು ಅದು. ಜನನ ಮರಣ ನೋಂದಣಿ ಕಚೇರಿಯಲ್ಲಿ ಕೂತು ಊರಿನವರ ಹೆಸರನ್ನೆಲ್ಲ ಟೈಪ್ ಮಾಡುವವಳು ತನ್ನ ಹೆಸರನ್ನು ಹೀಗೆ ಬರೆದುಕೊಂಡರೆ ಚೆನ್ನಾಗಿರುವುದಿಲ್ಲ.

ಎರಡನೆಯದು, ಕೆಳಮನೆಯ ಹೆಡ್‌ಕ್ಲಾರ್ಕರ ಫೋನಿಗೆ ಕರೆ ಮಾಡಬೇಡ. ನಾನು ಮಾತನಾಡುವಾಗ ಅವರು ಪಕ್ಕದಲ್ಲೇ ಕೂತು ಪೇಪರ್ ಓದುತ್ತಾರೆ. ಹಾಳೆ ತಿರುವುವ ಸದ್ದು ನಿಂತಿತೆಂದರೆ ಕಿವಿ ಇತ್ತ ಬಂದಿದೆ ಎಂದೇ ಅರ್ಥ. ನಿವೃತ್ತರಾಗಿ ಇಷ್ಟು ವರ್ಷವಾದರೂ ಅವರಿಗೆ ಬೇರೆಯವರ ಫೈಲು ನೋಡುವ ಚಟ ಹೋಗಿಲ್ಲ. ಹೇಳಬೇಕಾದದ್ದನ್ನು ಪತ್ರದಲ್ಲಿ ಬರೆ.

ಚುನಾವಣೆ ಬರುವುದರೊಳಗೆ ನಿಮ್ಮನ್ನೆಲ್ಲ ಖಾಯಂ ಮಾಡುತ್ತಾರಂತೆ ಎಂದು ಅವರೇ ಹೇಳಿದರು. ನಿಜವೇ? ನಾಲ್ಕು ವರ್ಷದಿಂದ ಆರಾರು ತಿಂಗಳಿಗೆ ಒಂದು ದಿನ ನಿನ್ನನ್ನು ಕೆಲಸದಿಂದ ತೆಗೆದು, ಮರುದಿನ ಹೊಸಬಳೆಂಬಂತೆ ಮತ್ತೆ ಸೇರಿಸಿಕೊಳ್ಳುತ್ತಿದ್ದಾರೆ. ಅದಕ್ಕೆ ಬ್ರೇಕ್ ಎಂಬ ಹೆಸರು ಬೇರೆ. ಆ ದಿನ ನೀನು ಬಸ್ಸು ಹತ್ತಿ ಇಲ್ಲಿಗೆ ಬರುತ್ತೀಯ. ನಾನು ವಠಾರದವರಿಗೆಲ್ಲ ರಜೆ ಹಾಕಿ ಬಂದಿದ್ದಾಳೆ ಎನ್ನುತ್ತೇನೆ. ಮುಂದಿನದು ಏಪ್ರಿಲ್ ಒಂದಕ್ಕೆ, ಅಲ್ಲವೇ? ಅದರೊಳಗೆ ಆರ್ಡರ್ ಬಂದರೆ ನಾನು ಸುಳ್ಳು ಹೇಳುವುದು ತಪ್ಪುತ್ತದೆ.

ನಿನ್ನ ಜೊತೆ ಬಂದಿರಬೇಕೆಂದು ಮತ್ತೆ ಬರೆದಿದ್ದೀಯ. ನನ್ನ ಉತ್ತರ ಬದಲಾಗಿಲ್ಲ. ನೀನು ಖಾಯಂ ಆದ ದಿನ ಬರುತ್ತೇನೆ. ಹಂಗಾಮಿ ಕೆಲಸದವಳ ಬಾಡಿಗೆ ಕೋಣೆಯಲ್ಲಿ ನಾನೂ ಒಬ್ಬ ಹಂಗಾಮಿ ತಾಯಿಯಾಗಿ ಮೂಲೆಯಲ್ಲಿ ಕೂರುವುದಿಲ್ಲ. ಹೊಲಿಯಲು ಶಾಲೆಯ ಅಂಗಿಗಳ ರಾಶಿ ಬಿದ್ದಿದೆ. ಬೇಸರಕ್ಕೆ ಪುರುಸೊತ್ತಿಲ್ಲ.

ಮಧ್ಯಾಹ್ನದ ಊಟ ಬಿಡಬೇಡ.

ಇಂತಿ,
ನಿನ್ನ ಅಮ್ಮ


ಜನವರಿ 23

ಅಮ್ಮನಿಗೆ ನಮಸ್ಕಾರಗಳು.

ಫೈಲು ಮೇಲಕ್ಕೆ ಹೋಗಿರುವುದು ನಿಜ. ಅದು ಯಾವ ಮೇಜಿನ ಮೇಲಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಮೇಜು ಹೇಳುತ್ತಾರೆ. ನಮ್ಮ ಕಚೇರಿ ಈಗ ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಹಾಗಾಗಿದೆ. ಬಾಗಿಲು ಸದ್ದಾದರೆ ಎಲ್ಲರೂ ತಲೆಯೆತ್ತುತ್ತೇವೆ. ಎಡಗಡೆ ಜನನದ ಕೌಂಟರ್, ಬಲಗಡೆ ಮರಣದ್ದು, ನಡುವೆ ನಾನು ಮತ್ತು ನನ್ನ ಟೈಪ್‌ರೈಟರ್. ಹುಟ್ಟಿದವರಿಗೂ ಸತ್ತವರಿಗೂ ಖಾತ್ರಿಯ ಪತ್ರ ಕೊಡುವವಳಿಗೆ ಏಪ್ರಿಲ್ ಎರಡನೆಯ ತಾರೀಕು ಎಲ್ಲಿರುತ್ತೇನೆಂಬ ಖಾತ್ರಿಯಿಲ್ಲ.

ಈಗ ಅಧಿಕಾರದಲ್ಲಿರುವವರು ಖಾಯಂ ಮಾಡಿಕೊಡುತ್ತೇವೆ ಎನ್ನುತ್ತಾರೆ. ವಿರೋಧ ಪಕ್ಷದ ಮುಖಂಡರೊಬ್ಬರು ಮೊನ್ನೆ ಸಭೆಯಲ್ಲಿ, ಹಿಂಬಾಗಿಲಿನಿಂದ ಬಂದವರನ್ನೆಲ್ಲ ಮುಂಬಾಗಿಲಿನಿಂದ ಕಳಿಸುತ್ತೇವೆ ಎಂದರಂತೆ. ನಮ್ಮ ದೊಡ್ಡ ಗುಮಾಸ್ತರು ಖಾಯಂ ಮನುಷ್ಯ, ಅವರಿಗೆ ಇದೆಲ್ಲ ತಮಾಷೆ. "ತಲೆ ಕೆಡಿಸ್ಕೋಬೇಡಮ್ಮ, ಎಲೆಕ್ಷನ್ ಬಂತು ಅಂದ್ರೆ ಹಂಗಾಮಿಗಳಿಗೆ ಊರೆಲ್ಲಾ ನೆಂಟ್ರು" ಅಂದರು. ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಮ್ಮ ನಮ್ಮ ಮೇಜಿಗೆ ಮರಳಿದೆವು.

ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆಯಾ? ಎರಡು ಪತ್ರದಿಂದ ನೋಡುತ್ತಿದ್ದೇನೆ, ಅಕ್ಷರ ದೊಡ್ಡದಾಗುತ್ತಿದೆ. ಚಿಕ್ಕಂದಿನಲ್ಲಿ ಸಿಟ್ಟು ಬಂದ ದಿನ ನೀನು ಬಾಗಿಲಿಗೆ ಚೀಟಿ ಅಂಟಿಸಿ ಹೋಗುತ್ತಿದ್ದೆಯಲ್ಲ, 'ಊಟ ಮುಚ್ಚಿಟ್ಟಿದೆ' ಎಂಬುದು ಇಡೀ ಹಾಳೆ ತುಂಬಿರುತ್ತಿತ್ತು. ಹಾಗೆ ಕಾಣುತ್ತಿದೆ. ಬಂದಿರು ಎಂದು ಮತ್ತೆ ಮತ್ತೆ ಕರೆದದ್ದು ತಪ್ಪಾಯಿತೇನೋ.

ನಿನ್ನ ಗುಂಡಿ
(ಈ ಒಂದು ಸಲ ಬಿಡು.)


ಫೆಬ್ರವರಿ 5

ಮಗಳಿಗೆ ಆಶೀರ್ವಾದಗಳು.

ಸಿಟ್ಟೇನೂ ಇಲ್ಲ. ಹೊಸ ಪೆನ್ನಿನ ಮುಳ್ಳು ದಪ್ಪ, ಅಷ್ಟೇ. ಇಲ್ಲದ್ದನ್ನು ಹುಡುಕಿಕೊಂಡು ಕೂರುವ ಬುದ್ಧಿ ನಿನಗೆ ಯಾರಿಂದ ಬಂತೋ.

ಖಾಯಂ ವಿಷಯ ನಾನೇಕೆ ಇಷ್ಟು ಹಿಡಿದುಕೊಂಡಿದ್ದೇನೆ ಎಂದು ನಿನಗೆ ಅನಿಸಬಹುದು. ನಿಮ್ಮಪ್ಪ ಸರ್ವೆ ಕಚೇರಿಯ ಖಾಯಂ ನೌಕರರು. ಅವರು ಹೋದ ಮೇಲೂ ಆ ಖಾಯಂ ನಮ್ಮಿಬ್ಬರನ್ನು ಸಾಕಿತು. ನಾನು ಯಾರ ಬಾಗಿಲಿಗೂ ಹೋಗದೆ ನಿನ್ನನ್ನು ಓದಿಸಿದೆ. ನನ್ನ ಹೊಲಿಗೆ ಮಷೀನು ಒಂದರಿಂದಲೇ ಅದು ಆಗುತ್ತಿರಲಿಲ್ಲ. ನನ್ನ ನಂತರ ನಿನ್ನ ಬೆನ್ನಿಗೂ ಅಂಥದ್ದೊಂದು ಇರಲಿ ಎಂಬುದೇ ನನ್ನ ಆಸೆ. ನೀನು ಕಾರಿನಲ್ಲಿ ಓಡಾಡಬೇಕೆಂದು ನಾನು ಎಂದೂ ಕೇಳಿಕೊಂಡವಳಲ್ಲ.

ಪ್ರತಿ ಚುನಾವಣೆಗೂ ನಿಮ್ಮಪ್ಪನನ್ನು ಮತಗಟ್ಟೆ ಕೆಲಸಕ್ಕೆ ಹಾಕುತ್ತಿದ್ದರು, ನೆನಪಿದೆಯೇ? ಮತಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಲಾರಿಯಲ್ಲಿ ಹೋಗುತ್ತಿದ್ದರು. ಬೆರಳಿಗೆಲ್ಲ ಶಾಯಿ ಮಾಡಿಕೊಂಡು ಬಂದು ಮರುದಿನ ಪೂರ್ತಿ ನಿದ್ದೆ. ಹಂಗಾಮಿಯವರನ್ನು ಆ ಪೆಟ್ಟಿಗೆ ಮುಟ್ಟಲೂ ಬಿಡುತ್ತಿರಲಿಲ್ಲ. ನಂಬಿಕೆಯ ಕೆಲಸ ಅದು ಎಂದು ಅವರಿಗೆ ಒಳಗೊಳಗೇ ಜಂಬ.

ಇಲ್ಲಿ ಶಾಲೆಯವರು ಒಂದು ಕಟ್ಟು ಅಂಗಿ ವಾಪಸ್ ಕಳಿಸಿದ್ದಾರೆ. ಗುಂಡಿಗೂ ಕಾಜಕ್ಕೂ ಹೊಂದುವುದಿಲ್ಲವಂತೆ. ಈಗಿನವರಿಗೆ ತಾಳ್ಮೆಯೇ ಇಲ್ಲ. ಬಿಚ್ಚಿ ಮತ್ತೆ ಹಾಕುತ್ತಿದ್ದೇನೆ. ನೀನು ಇದ್ದಾಗ ಸೂಜಿಗೆ ದಾರ ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿಟ್ಟು ಶಾಲೆಗೆ ಹೋಗುತ್ತಿದ್ದೆ. ಸುಮ್ಮನೆ ನೆನಪಾಯಿತು.

ಇಂತಿ,
ನಿನ್ನ ಅಮ್ಮ


ಫೆಬ್ರವರಿ 19

ಅಮ್ಮನಿಗೆ ನಮಸ್ಕಾರಗಳು.

ಚುನಾವಣೆಯ ದಿನಾಂಕ ಹೊರಬಿದ್ದಿದ್ದು ನೀನೂ ಕೇಳಿರುತ್ತೀಯ. ಮಾರ್ಚ್ 20ಕ್ಕೆ ಮತದಾನ. ಸುದ್ದಿ ಬಂದ ಮಧ್ಯಾಹ್ನವೇ ಸಾಹೇಬರ ಕೋಣೆಯ ಗೋಡೆಯಿಂದ ಮಂತ್ರಿಗಳ ಫೋಟೋ ಇಳಿಸಿದರು. ಅದರ ಹಿಂದಿನ ಗೋಡೆಯ ಬಣ್ಣ ಇನ್ನೂ ಹೊಸದರಂತೆ ಇದೆ. ಉಳಿದ ಗೋಡೆ ಎಷ್ಟು ಕೊಳಕೆಂದು ಈಗ ಗೊತ್ತಾಯಿತು.

ಇನ್ನೊಂದು ಸುದ್ದಿ. ನನ್ನನ್ನೂ ಮತಗಟ್ಟೆ ಕೆಲಸಕ್ಕೆ ಹಾಕಿದ್ದಾರೆ. ಬೆರಳಿಗೆ ಶಾಯಿ ಹಚ್ಚುವುದು, ಸಹಿ ಮಾಡಿಸಿಕೊಳ್ಳುವುದು. ನಮ್ಮ ದೊಡ್ಡ ಗುಮಾಸ್ತರಿಗೆ ಆದೇಶ ಕೈಗೆ ಬಂದ ಕೂಡಲೇ ಸೊಂಟ ಹಿಡಿದುಕೊಂಡಿತು. ಮರುದಿನ ಇನ್ನೊಬ್ಬರಿಗೆ ರಕ್ತದೊತ್ತಡ. ಹೀಗೇ ಆದರೆ ನಮ್ಮ ಬಲಗಡೆಯ ಕೌಂಟರಿಗೆ ಕೆಲಸ ಜಾಸ್ತಿಯಾಗುತ್ತದೆ ಎಂದು ನಾನು ಅಂದೆ. ಸಾಹೇಬರೂ ನಕ್ಕರು.

ಫೈಲಿನ ವಿಷಯ ನಿಧಾನವಾಗಿ ಬರೆಯುತ್ತೇನೆ. ಈಗ ತರಬೇತಿಗೆ ಹೊರಟಿದ್ದೇನೆ.

ನಿನ್ನ ಮಗಳು


ಫೆಬ್ರವರಿ 26

ನನ್ನ ಮಗಳಿಗೆ ಅನೇಕ ಆಶೀರ್ವಾದಗಳು.

ನೀನು ಬಾಯಿಬಿಟ್ಟು ಹೇಳದಿದ್ದರೇನು, ನನಗೆ ಅರ್ಥವಾಗದೇ? ನಿಮ್ಮಪ್ಪನೂ ಹೀಗೇ. ಬಡ್ತಿ ಬಂದದ್ದನ್ನು ಊಟ ಮುಗಿಸಿ ಕೈತೊಳೆಯುವಾಗ ಹೇಳಿದ ಮನುಷ್ಯ. ಮತಗಟ್ಟೆ ಕೆಲಸಕ್ಕೆ ಹಾಕಿದ್ದಾರೆ ಎಂದರೆ ಖಾಯಂ ಆಯಿತೆಂದೇ ಲೆಕ್ಕ. ಹೆಡ್‌ಕ್ಲಾರ್ಕರಿಗೆ ನಿನ್ನ ಪತ್ರ ಓದಲು ಕೊಟ್ಟೆ. (ನನ್ನ ಕನ್ನಡಕದ ಕಡ್ಡಿ ಮುರಿದಿತ್ತು.) ಅವರೂ, "ಅನುಮಾನವೇ ಬೇಡಮ್ಮ, ಹಂಗಾಮಿಗಳಿಗೆ ಪೆಟ್ಟಿಗೆ ಕೊಡೋ ರೂಲೇ ಇಲ್ಲ" ಎಂದು ಮೇಜು ಕುಟ್ಟಿ ಹೇಳಿದರು.

ವಠಾರದ ಎಲ್ಲ ಮನೆಗೂ ನಾನೇ ಹೋಗಿ ಸಿಹಿ ಕೊಟ್ಟು ಬಂದೆ. ಮನೆಯ ಒಡತಿ, "ಮಗಳು ಗೌರ್ಮೆಂಟ್ ಆದ್ಲು ಅನ್ನಿ" ಎಂದಳು. ನಾಲ್ಕು ವರ್ಷದಿಂದ ಗೌರ್ಮೆಂಟೇ ಎಂದೆ. ಅವಳ ಮುಂದೆ ಬಗ್ಗಬಾರದು. ಹಾಗೆ ಹೇಳುವಾಗಲೇ ಈ ತಿಂಗಳ ಬಾಡಿಗೆಯನ್ನೂ ಕೊಟ್ಟು, ಮಾರ್ಚ್ ಕೊನೆಗೆ ಮನೆ ಬಿಡುತ್ತೇನೆಂದು ಹೇಳಿಬಿಟ್ಟೆ. ಅವಳು ಆ ಸಂಜೆಯೇ ಬೇರೆಯವರನ್ನು ಕರೆತಂದು ಅಡುಗೆಮನೆ ತೋರಿಸಿದಳು. ಶಾಲೆಯ ಹೊಸ ಬಟ್ಟೆಯನ್ನೂ ಬೇಡವೆಂದೆ.

ಇನ್ನು ನಿನಗೆ ಬ್ರೇಕ್ ಇಲ್ಲ. ಆ ಒಂದು ದಿನ ನೀನು ಬರುತ್ತಿದ್ದೆ, ನೆಲದ ಮೇಲೆ ಬಟ್ಟೆ ಹರಡಿಕೊಂಡು ಇಬ್ಬರೂ ಕತ್ತರಿಸುತ್ತಿದ್ದೆವು. ಅದೊಂದು ತಪ್ಪಿತಲ್ಲ ಎಂದು ಸ್ವಲ್ಪ ಅನಿಸಿತು. ಹೋಗಲಿ, ಇನ್ನು ದಿನವೂ ಜೊತೆಗೇ ಇರುತ್ತೇವೆ.

ಸರ್ಕಾರಿ ಕ್ವಾರ್ಟರ್ಸ್‌ಗೆ ಅರ್ಜಿ ಹಾಕು. ಕಿಟಕಿ ಬೆಳಗಿನ ಬಿಸಿಲಿಗೆ ಇರಲಿ. ಮಷೀನು ಅದರ ಕೆಳಗೆ.

ನಿನ್ನ ಅಮ್ಮ


ಮಾರ್ಚ್ 5

ಅಮ್ಮನಿಗೆ ನಮಸ್ಕಾರಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಮನೆ ಬಿಡುವ ವಿಷಯದಲ್ಲಿ ಇಷ್ಟು ಅವಸರ ಬೇಕಿತ್ತೇ? ಒಡತಿಯ ಹತ್ತಿರ ಇನ್ನೊಂದೆರಡು ತಿಂಗಳು ಕೇಳಿ ನೋಡು. ಕ್ವಾರ್ಟರ್ಸ್ ಎಲ್ಲ ಕೂಡಲೇ ಸಿಗುವುದಿಲ್ಲ. ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ, ಮೆಟ್ಟಿಲು ಕಡಿದು. ಮಷೀನು ಇಟ್ಟರೆ ಮಂಚ ಹಿಡಿಸುವುದಿಲ್ಲ. ಚುನಾವಣೆಯ ಗಲಾಟೆ ಮುಗಿಯಲಿ. ಆಮೇಲೆ ಕೂತು ಯೋಚಿಸೋಣ.

ಶಾಲೆಯ ಬಟ್ಟೆ ಬೇಡವೆನ್ನಬಾರದಿತ್ತು.

ನಿನ್ನ ಮಗಳು


ಮಾರ್ಚ್ 11

ಮಗಳಿಗೆ,

ತಿಳಿಯಿತು. ನಾಲ್ಕು ವರ್ಷ ಬಾ ಬಾ ಎಂದವಳಿಗೆ ನಾನು ಬರುತ್ತೇನೆ ಎಂದ ಕೂಡಲೇ ಮಂಚ ಹಿಡಿಸುವುದಿಲ್ಲ. ಖಾಯಂ ಆದ ಮೇಲೆ ನಿನ್ನ ಯೋಚನೆಗಳೂ ಬೇರೆಯಾಗಿರಬಹುದು. ತಪ್ಪೇನಿಲ್ಲ. ನಾನು ಬೇರೆ ಕೋಣೆ ನೋಡಿಕೊಳ್ಳುತ್ತೇನೆ.

ಮತದಾನದ ದಿನ ಹೊಟ್ಟೆ ಕಾಯಿಸಿಕೊಂಡು ಕೂರಬೇಡ. ನಿಮ್ಮಪ್ಪ ಹಾಗೆ ಮಾಡಿಯೇ ಹೊಟ್ಟೆ ಹಾಳುಮಾಡಿಕೊಂಡರು.

ಅಮ್ಮ


ಮಾರ್ಚ್ 21

ಮಗಳಿಗೆ,

ಹತ್ತು ದಿನವಾದರೂ ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನೆ ನಡೆದದ್ದನ್ನು ನೀನು ತಿಳಿಯಬೇಕು.

ಮತ ಹಾಕಲು ಹೋದೆ. ಈ ಬೀದಿಯವರಿಗೆಲ್ಲ ನನ್ನದೇ ಶಾಲೆ, ಅಂದರೆ ನಾನು ಅಂಗಿ ಹೊಲಿಯುವ ಶಾಲೆ. ಮಕ್ಕಳ ಬೆಂಚುಗಳನ್ನು ಗೋಡೆಗೆ ಒತ್ತರಿಸಿದ್ದರು. ಶಾಯಿ ಹಚ್ಚುವವನು ನಿನ್ನ ವಯಸ್ಸಿನ ಯುವಕ. ಅವನು ನನ್ನ ಬೆರಳು ಹಿಡಿದಾಗ ನೀನೂ ಈಗ ಎಲ್ಲೋ ಯಾರದೋ ಬೆರಳು ಹಿಡಿದಿರುತ್ತೀಯ ಅನಿಸಿತು. ಸುಮ್ಮನಿರಲಾಗಲಿಲ್ಲ. ನನ್ನ ಮಗಳೂ ಇದೇ ಕೆಲಸದಲ್ಲಿದ್ದಾಳಪ್ಪ, ಖಾಯಂ ಆಯಿತು, ನಿನಗೆ ಆಗಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಅವನು ನಕ್ಕ.

"ಖಾಯಂ ಎಲ್ಲಿಂದ ಬಂತಮ್ಮ. ಖಾಯಂನೋರೆಲ್ಲ ಸೊಂಟ ಹಿಡ್ಕೊಂಡು ಮಲಗಿದಾರೆ. ಜನ ಸಾಲದೆ ಈ ಸಲ ನಮ್ಮಂಥ ಹಂಗಾಮಿಗಳನ್ನ ತುಂಬಿದಾರೆ. ಇದು ಮುಗೀತು ಅಂದ್ರೆ ನಮ್ಮನ್ನ ಕೇಳೋರು ಯಾರು?"

ಸೊಂಟ ಎಂದ ಕೂಡಲೇ ನಿಮ್ಮ ದೊಡ್ಡ ಗುಮಾಸ್ತರು ನೆನಪಾದರು. ನೀನು ಎಲ್ಲವನ್ನೂ ಬರೆದಿದ್ದೆ. ನಾನೇ ನನಗೆ ಬೇಕಾದದ್ದನ್ನು ಓದಿಕೊಂಡೆ. ನಿಮ್ಮಪ್ಪನ ಕಾಲದ ರೂಲು ಹಿಡಿದುಕೊಂಡು ಊರಿಗೆಲ್ಲ ಸಿಹಿ ಹಂಚಿದೆ. ನಿನ್ನ ಮೂರನೆಯ ಮಹಡಿ, ಕಡಿದು ಮೆಟ್ಟಿಲು, ಹಿಡಿಸದ ಮಂಚ ಎಲ್ಲ ಆಗ ಅರ್ಥವಾಯಿತು. ಅಷ್ಟು ಸಂತೋಷದಲ್ಲಿದ್ದವಳಿಗೆ ಇಲ್ಲವೆನ್ನಲು ನಿನಗೆ ಬಾಯಿ ಬರಲಿಲ್ಲ. ಬಂದಿದ್ದರೆ ನಾನು ಏನೆನ್ನುತ್ತಿದ್ದೆನೋ. ನನಗೂ ಗೊತ್ತು, ನನ್ನ ಮುಂದೆ ಇಲ್ಲವೆನ್ನುವುದು ಸುಲಭವಲ್ಲ.

ಇನ್ನೂ ಒಂದಿದೆ. ಚೀಟಿ ಹಿಡಿದು ರಟ್ಟಿನ ಮರೆಗೆ ಹೋದೆ. ನಿನ್ನ ಕೆಲಸ ಉಳಿಯುವ ಹಾಗೆ ಮುದ್ರೆ ಒತ್ತಬೇಕೆಂದು ಮನೆಯಿಂದಲೇ ನಿಶ್ಚಯಿಸಿಕೊಂಡು ಹೋಗಿದ್ದೆ. ಚೀಟಿಯ ಮೇಲೆ ನನಗೆ ಒಂದು ಚಿಹ್ನೆಯೂ ಕಾಣಲಿಲ್ಲ. ಬೂದಿ ಚೆಲ್ಲಿದ ಹಾಗಿತ್ತು. ಹತ್ತಿರ ಹಿಡಿದೆ, ದೂರ ಹಿಡಿದೆ. ಆ ಯುವಕ, "ಕಾಣಲ್ವೇನಮ್ಮ, ಜೊತೆಗೆ ಯಾರಾದ್ರೂ ಬಂದಿದ್ರೆ ಕರೀಬಹುದು" ಅಂದ. ಕಾಣುತ್ತದೆ, ನಿನ್ನ ಕೆಲಸ ನೋಡು ಎಂದೆ. ಅಂದಾಜಿನಲ್ಲಿ ಒತ್ತಿ, ಮಡಿಸಿ, ಪೆಟ್ಟಿಗೆಗೆ ಹಾಕಿ ಬಂದೆ. ಯಾರಿಗೆ ಹಾಕಿದೆ ಎಂದು ನಾನು ನಿಮ್ಮಪ್ಪನಿಗೂ ಹೇಳುತ್ತಿರಲಿಲ್ಲ. ಈ ಸಲ ಹೇಳಬೇಕೆಂದರೂ ನನಗೇ ಗೊತ್ತಿಲ್ಲ. ನಿನ್ನನ್ನು ಮುಂಬಾಗಿಲಿನಿಂದ ಕಳಿಸುತ್ತೇನೆ ಎಂದವನ ಮೇಲೂ ಬಿದ್ದಿರಬಹುದು.

ಹೊರಗೆ ಬಂದು ಒಂದು ಬೆಂಚಿನ ಮೇಲೆ ಕೂತೆ. ಜೊತೆಗೆ ಯಾರಾದರೂ ಬಂದಿದ್ದರೆ ಎಂಬ ಮಾತೇ ಕಿವಿಯಲ್ಲಿತ್ತು.

ಹೊಸ ಪೆನ್ನು ಏನೂ ಇಲ್ಲ. ಅದೇ ಹಳೆಯದು.

ಅಮ್ಮ


ಮಾರ್ಚ್ 21

ಅಮ್ಮ,

ನಿನ್ನ ಪತ್ರಕ್ಕೆ ಉತ್ತರ ಬರೆಯಲು ಎಷ್ಟು ಸಲ ಕೂತೆನೋ. ನೀನು ಬೇಡವೆಂದು ಅಲ್ಲ ಅಮ್ಮ. ನಾನು ಖಾಯಂ ಆಗಿಲ್ಲ. ದಿನಾಂಕ ಹೊರಬಿದ್ದ ದಿನವೇ ಫೈಲು ಸಹಿಯಿಲ್ಲದೆ ಕೆಳಗೆ ಬಂತು. ದೊಡ್ಡ ಗುಮಾಸ್ತರ ಬದಲು ನನ್ನನ್ನು ಮತಗಟ್ಟೆಗೆ ಕಳಿಸಿದರು, ಅಷ್ಟೇ. ನೀನು ಸಿಹಿ ಹಂಚಿದ್ದು ಓದಿದ ಮೇಲೆ ನನ್ನ ಕೈ ಓಡಲಿಲ್ಲ.

ಏಪ್ರಿಲ್ ಒಂದಕ್ಕೆ ಬ್ರೇಕ್. ಆದರೆ ಈ ಸಲ ಎರಡನೆಯ ತಾರೀಕಿಗೆ ವಾಪಸ್ ಸೇರಿಸಿಕೊಳ್ಳುವ ಆರ್ಡರ್ ಕೊಡಲು ಯಾರಿಗೂ ಅಧಿಕಾರವಿಲ್ಲವಂತೆ. ಹೊಸ ಸರ್ಕಾರ ಬಂದು ಕೂರಬೇಕು, ನಮ್ಮನ್ನು ಬೇಕೆನ್ನಬೇಕು. ಸಾಹೇಬರು ಒಳ್ಳೆಯವರು. "ಟೈಪ್‌ರೈಟರ್‌ಗೆ ಬಟ್ಟೆ ಮುಚ್ಚಿಟ್ಟು ಹೋಗಮ್ಮ, ಧೂಳು ಕೂತ್ಕೊಳುತ್ತೆ" ಅಂದರು. ಒಂದು ದಿನದ ಬ್ರೇಕಿಗೆ ನಾವು ಯಾವತ್ತೂ ಬಟ್ಟೆ ಮುಚ್ಚಿದವರಲ್ಲ.

ನಿನ್ನೆ ನನ್ನ ಮತಗಟ್ಟೆಗೆ ಒಬ್ಬ ಅಜ್ಜಿ ಬಂದಿದ್ದರು. ಹೆಬ್ಬೆಟ್ಟು ಒತ್ತಿ ಎಂದರೆ ಗದರಿಸಿ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. ಒಂದೊಂದು ಅಕ್ಷರ ಮೂರು ಗೆರೆ ದಾಟಿ ಪಕ್ಕದವರ ಜಾಗಕ್ಕೂ ಹೋಗಿತ್ತು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕಣ್ಣಿನ ನಡುವೆ ಹಾಲಿನ ಕೆನೆಯಂಥದ್ದು ಇತ್ತು. ನನ್ನ ಕೈಯಲ್ಲಿದ್ದ ಶಾಯಿಯ ಕಡ್ಡಿ ಹಾಗೇ ನಿಂತಿತು. ಸಾಲಿನಲ್ಲಿದ್ದವರು ಬೈದರು.

ನಿನಗೆ ಯಾವಾಗಿನಿಂದ ಕಾಣುತ್ತಿಲ್ಲ? ಗುಂಡಿ, ಕಾಜ, ಕನ್ನಡಕದ ಕಡ್ಡಿ ಎಲ್ಲ ಬರೆದಿದ್ದೆ, ನಾನು ಸಿಟ್ಟನ್ನಷ್ಟೇ ಓದಿದೆ. ಕಣ್ಣಿನ ಆಸ್ಪತ್ರೆ ನಮ್ಮ ಕಚೇರಿಯ ಹಿಂದಿನ ರಸ್ತೆಯಲ್ಲೇ ಇದೆ. ಮಂಚವನ್ನು ಇವತ್ತೇ ನಿಲ್ಲಿಸಿ ಗೋಡೆಗೆ ಒರಗಿಸಿದೆ. ಮಷೀನು ಹಿಡಿಸುತ್ತದೆ. ಆದರೆ ಖಾಯಂ ಆದ ಮೇಲೆ ಮಾತ್ರ ಬರುತ್ತೇನೆ ಎಂದು ನೀನು ಹೇಳಿರುವಾಗ, ಯಾವ ಬಾಯಲ್ಲಿ ಕರೆಯಲಿ?

ನಿನ್ನ ಮಗಳು


ಮಾರ್ಚ್ 26

ಗುಂಡಿ,

ನಮ್ಮಿಬ್ಬರ ಪತ್ರವೂ ದಾರಿಯಲ್ಲಿ ಎದುರುಬದುರು ಹೋಗಿರಬೇಕು. ನಿನ್ನದನ್ನು ಹೆಡ್‌ಕ್ಲಾರ್ಕರು ಓದಿ ಹೇಳಿದರು. ಸಿಹಿ ಹಂಚಿದ ಭಾಗ ಬಂದಾಗ ನಿಲ್ಲಿಸಿ ಕೆಮ್ಮಿದರು. ಓದಿ, ಪೂರ್ತಿ ಓದಿ ಎಂದೆ. ಇನ್ನು ಅವರ ಮುಂದೆ ಮುಚ್ಚುಮರೆ ಏನೂ ಉಳಿದಿಲ್ಲ. ಇಷ್ಟು ದಿನ ನನ್ನ ಸೂಜಿಗಳಿಗೆ ದಾರ ಪೋಣಿಸಿ ಕೊಡುತ್ತಿದ್ದವರೂ ಅವರೇ. ಯಾರಿಗೂ ಹೇಳಬಾರದೆಂದು ಕಟ್ಟಪ್ಪಣೆ ಮಾಡಿದ್ದೆ. ಹೇಳಲಿಲ್ಲ. ಪಾಪದ ಮನುಷ್ಯ, ನಾನು ಅಂದುಕೊಂಡಷ್ಟು ಬಾಯಿಬಡುಕನಲ್ಲ.

ಮನೆಯ ಒಡತಿಗೆ ನಾನೇ ಹೋಗಿ, ಮಗಳು ಖಾಯಂ ಆಗಿಲ್ಲ, ನಾನು ತಪ್ಪು ತಿಳಿದೆ ಎಂದೆ. "ಹಾಗಾದ್ರೆ ಇಲ್ಲೇ ಇರ್ತೀರಾ, ಬರೋರಿಗೆ ಬೇಡ ಅಂತೀನಿ" ಅಂದಳು. ಅವಳಿಗೂ ಒಂದು ಮನಸ್ಸಿದೆ ಎಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಬೇಡ, ಹೊರಟಿದ್ದೇನೆ ಎಂದೆ.

ಖಾಯಂ ಆದ ದಿನ ಬರುತ್ತೇನೆ ಎಂದಿದ್ದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಾನೇ ಹೊರಡಿಸಿದ ಆರ್ಡರ್, ನಾನೇ ರದ್ದು ಮಾಡಬಹುದು. ಅದಕ್ಕೆ ಹೊಸ ಸರ್ಕಾರ ಬರಬೇಕಾಗಿಲ್ಲ.

ಪ್ರತಿ ಬ್ರೇಕಿಗೂ ನೀನು ಬಸ್ಸು ಹತ್ತಿ ನನ್ನ ಹತ್ತಿರ ಬರುತ್ತಿದ್ದೆ. ಈ ಸಲ ನಾನು ಬರುತ್ತೇನೆ. ಏಪ್ರಿಲ್ ಒಂದು, ಮಧ್ಯಾಹ್ನದ ಬಸ್ಸು. ಮಷೀನಿಗೆ ಗೋಣಿ ಸುತ್ತಿ ಬಸ್ಸಿನ ತಲೆಯ ಮೇಲೆ ಹಾಕಿಸುತ್ತೇನೆ. ನಿನ್ನ ಊರಿನಲ್ಲೂ ಶಾಲೆಗಳಿರಬೇಕು, ಮಕ್ಕಳು ಅಂಗಿ ಹಾಕಿಕೊಳ್ಳಲೇಬೇಕು. ನಿನ್ನ ಕಣ್ಣು ಚೆನ್ನಾಗಿದೆ, ನನ್ನ ಕಾಲು ಗಟ್ಟಿಯಾಗಿದೆ. ದಾರ ನೀನು ಪೋಣಿಸು, ಮಷೀನು ನಾನು ತುಳಿಯುತ್ತೇನೆ. ಆರ್ಡರ್ ಬಂದರೆ ಕಚೇರಿಗೆ ಹೋಗು. ಬರದಿದ್ದರೆ ಕಾಜ ಹಾಕುವುದು ಕಲಿಸುತ್ತೇನೆ. ಹತ್ತನೆಯ ತರಗತಿಯಲ್ಲಿ ನೀನು ಹಾಕಿದ ಕಾಜ ಇನ್ನೂ ನೆನಪಿದೆ, ಗೋಡೆಗೆ ಇಲಿ ತೂತು ಮಾಡಿದ ಹಾಗಿತ್ತು.

ಆಸ್ಪತ್ರೆಗೂ ಬರುತ್ತೇನೆ. ಹೇಗೂ ನಿನಗೆ ಬ್ರೇಕ್. ಜೊತೆಗೆ ಬರಲು ಪುರುಸೊತ್ತಿದೆ.

ಕಚೇರಿ ಬಿಡುವ ದಿನ ಟೈಪ್‌ರೈಟರಿಗೆ ಬಟ್ಟೆ ಮುಚ್ಚು. ಅದರಲ್ಲಿ ಅವಮಾನವೇನಿಲ್ಲ. ನಾನು ಊರಿಗೆ ಹೋಗಿಬರುವಾಗಲೂ ಮಷೀನಿಗೆ ಮುಚ್ಚಿಯೇ ಹೋಗುತ್ತೇನೆ. ಬಂದು ತೆಗೆದರೆ ಓಡುತ್ತದೆ.

ಈ ಪತ್ರದ ಅಕ್ಷರ ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಸಿಟ್ಟಿಲ್ಲ.

ಬಸ್ ನಿಲ್ದಾಣಕ್ಕೆ ಬಾ. ಕಂಬದ ಪಕ್ಕ ನಿಲ್ಲಬೇಡ. ದೂರದಿಂದ ಕಂಬ ಯಾವುದು, ನೀನು ಯಾವುದು ಎಂದು ನನಗೆ ತಿಳಿಯುವುದಿಲ್ಲ. ನಾನು ಇಳಿದ ಕೂಡಲೇ ಜೋರಾಗಿ ಕೂಗು. ಜನ ತಿರುಗಿ ನೋಡಿದರೆ ನೋಡಲಿ.

ಅಮ್ಮ